ದೊರೆ ತೋಟದ ವಂಶಾವಳಿ ಹುಡುಕಲು ಮೂರು ಜಾಲತಾಣ, ಒಂದು ಸಬ್ ರಿಜಿಸ್ಟ್ರಾರ್ ಕಚೇರಿ

ಕೊಡಗು, ಸಕಲೇಶಪುರ, ಚಿಕ್ಕಮಗಳೂರು ಕಡೆ ಹಳೇ ಕಾಫಿತೋಟದ ಮೂಲ ಕೆದಕಿದರೆ ಒಂದಲ್ಲ ಒಂದು ಕಡೆ ಬಿಳಿ ದೊರೆಯ ಹೆಸರು ಎದುರಾಗುತ್ತದೆ. ಬೆಂಗಳೂರು ದಂಡಿನ ಹಳೇ ಬಂಗಲೆಗಳದ್ದೂ ಅಷ್ಟೆ. ಆತ ಯಾರ ಮಗ, ಯಾರನ್ನು ಮದುವೆಯಾದ, ಅವನ ನಂತರ ತೋಟ ಹೆಂಡತಿಗೆ ಹೋಯಿತೋ, ಮಗನಿಗೋ, ಅಳಿಯನಿಗೋ ಎಂದು ಪತ್ತೆ ಮಾಡಲು ಇವತ್ತು ಮುಖ್ಯವಾಗಿ ನಾಲ್ಕು ಬಾಗಿಲುಗಳಿವೆ: ಫಿಬಿಸ್ (ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ), ಫ್ಯಾಮಿಲಿಸರ್ಚ್, ಫೈಂಡ್‌ಮೈಪಾಸ್ಟ್ ಎಂಬ ಮೂರು ಜಾಲತಾಣಗಳು, ಮತ್ತೆ ನಮ್ಮದೇ ಸಬ್ ರಿಜಿಸ್ಟ್ರಾರ್ ಕಚೇರಿ. ಮೊದಲ ಮೂರರಲ್ಲಿ ಮದುವೆ ಸಿಗುತ್ತದೆ, ಜಮೀನು ಸಿಗುವುದಿಲ್ಲ. ನಾಲ್ಕನೆಯದರಲ್ಲಿ ಜಮೀನು ಸಿಗುತ್ತದೆ, ಅಪ್ಪನ ಹೆಸರು ಸಿಗುವುದು ಅಪರೂಪ.

ಅಪ್ಪನ ಹೆಸರು ಯಾಕೆ ಇರುವುದಿಲ್ಲ ಎಂಬುದಕ್ಕೆ ಕಾರಣ ಕಾನೂನಿನಲ್ಲೇ ಇದೆ. ಪತ್ರ ಬರೆದುಕೊಟ್ಟವರನ್ನು ಹೇಗೆ ಗುರುತಿಸಬೇಕು ಎಂದು ನೋಂದಣಿ ಕಾಯ್ದೆಯ 2ನೇ ಸೆಕ್ಷನ್ ಹೇಳುತ್ತದೆ: ವಾಸದ ಊರು, ಉದ್ಯೋಗ, ಹುದ್ದೆ ಅಥವಾ ಬಿರುದು. ಭಾರತೀಯನಾದರೆ ಇದರ ಜೊತೆಗೆ ತಂದೆಯ ಹೆಸರು. ಯುರೋಪಿಯನ್ನನಿಗೆ ಆ ಕಟ್ಟಳೆ ಇಲ್ಲ. ಹಾಗಾಗಿ ಒಂದೇ ಕ್ರಯಪತ್ರದಲ್ಲಿ ತೋಟ ಕೊಂಡ ಗೌಡರ ತಂದೆ ಯಾರು, ಯಾವ ಊರು ಎಂಬುದೆಲ್ಲ ಇರುತ್ತದೆ. ಮಾರಿದ ದೊರೆ ಮಾತ್ರ ಹೆಸರು, ‘ಪ್ಲಾಂಟರ್’, ‘ಮರ್ಕಾರಾ ವಾಸಿ’ ಎಂಬಷ್ಟಕ್ಕೆ ಮುಗಿದುಹೋಗುತ್ತಾನೆ. ಮದುವೆ ದಾಖಲೆ ಇದಕ್ಕೆ ತದ್ವಿರುದ್ಧ. ಹತ್ತೊಂಬತ್ತನೇ ಶತಮಾನದ ನಡುಭಾಗದಿಂದೀಚೆಗೆ ಅಲ್ಲಿ ವರನ ತಂದೆಗೂ ವಧುವಿನ ತಂದೆಗೂ ಬೇರೆಯೇ ಅಂಕಣ ಇದೆ, ಆದರೆ ಜಮೀನಿನ ಸುದ್ದಿಯೇ ಇಲ್ಲ. ಆದ್ದರಿಂದ ಈ ಸೇವೆಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿ ಪ್ರಯೋಜನವಿಲ್ಲ. ಒಂದು ಕಡೆ ಸಿಕ್ಕಿದ ಮನುಷ್ಯನೇ ಇನ್ನೊಂದು ಕಡೆಯ ಮನುಷ್ಯ ಎಂದು ಖಚಿತ ಮಾಡಿಕೊಳ್ಳಲು ಯಾವುದು ಎಷ್ಟು ನೆರವಾಗುತ್ತದೆ ಎಂಬುದೇ ಇಲ್ಲಿ ಅಳತೆಗೋಲು.

ಮೊದಲಿಗೆ, ಮೂರೂ ಜಾಲತಾಣಗಳ ಬೇರು ಬಹುಮಟ್ಟಿಗೆ ಒಂದೇ. ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದಲೂ ಇಲ್ಲಿನ ಚಾಪ್ಲಿನ್‌ಗಳು, ಅಂದರೆ ಕಂಪನಿಯ ಪಾದ್ರಿಗಳು, ತಮ್ಮ ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿ ದಾಖಲೆಗಳ ನಕಲನ್ನು ಮೇಲಕ್ಕೆ ಕಳಿಸಬೇಕಿತ್ತು. ಅದು ಕೊನೆಗೆ ಲಂಡನ್ ಸೇರುತ್ತಿತ್ತು. ಆ ನಕಲುಗಳೇ ಇಂದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ರೆಕಾರ್ಡ್ಸ್‌ನಲ್ಲಿ ‘ಎನ್’ ಸರಣಿಯಾಗಿ ಇವೆ: ಎನ್/1 ಬಂಗಾಳ, ಎನ್/2 ಮದ್ರಾಸು, ಎನ್/3 ಬೊಂಬಾಯಿ. ಮದ್ರಾಸಿನದು 1698ರಿಂದ ಶುರುವಾಗುತ್ತದೆ, ಮೂರೂ 1948ಕ್ಕೆ ನಿಲ್ಲುತ್ತವೆ.

ಕರ್ನಾಟಕದಲ್ಲಿ ಹುಡುಕುವವರು ಇಲ್ಲೇ ಎಡವುವುದು. ಬೆಂಗಳೂರು, ಮೈಸೂರು, ಕೊಡಗು, ಮಂಗಳೂರು, ಬಳ್ಳಾರಿ ಮದ್ರಾಸಿನ ಕಡೆ. ಧಾರವಾಡ, ಬೆಳಗಾವಿ ಬೊಂಬಾಯಿ ಕಡೆ. ಕಾರವಾರದ್ದು ಇನ್ನೂ ಸೂಕ್ಷ್ಮ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಬೊಂಬಾಯಿಗೆ ಹೋಯಿತು. ಅದೇ ಮನೆಯಲ್ಲಿ ಅದೇ ಕುಟುಂಬ ಇದ್ದರೂ ಅಣ್ಣನ ಮದುವೆ ಎನ್/2ರಲ್ಲಿ, ತಮ್ಮನದು ಎನ್/3ರಲ್ಲಿ ಇರಬಹುದು. ಹುಡುಕುವಾಗ ಪ್ರಾಂತ್ಯದ ಪೆಟ್ಟಿಗೆಯಲ್ಲಿ ‘ಮದ್ರಾಸ್’ ಎಂದು ಒತ್ತಿ, ಏನೂ ಬಾರದೆ, ದಾಖಲೆಯೇ ಇಲ್ಲ ಎಂದುಕೊಂಡು ಬಿಟ್ಟವರು ಎಷ್ಟೋ ಜನ. ಆ ಪೆಟ್ಟಿಗೆಯನ್ನು ಮೊದಲ ಸಲ ಖಾಲಿಯೇ ಬಿಡಿ.

ಫಿಬಿಸ್‌ನಿಂದ ಶುರು ಮಾಡುವುದು ಒಳ್ಳೆಯದು. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಬಗ್ಗೆಯೇ 1998ರಲ್ಲಿ ಹುಟ್ಟಿಕೊಂಡ ಸಂಘ ಇದು. ಸೂಚಿಗಳನ್ನು ಬರೆದವರು ಸ್ವಯಂಸೇವಕರು. ಹುಡುಕಾಟಕ್ಕೆ ಕಾಸು ಬೇಡ. ಮದುವೆಯಷ್ಟೇ ಅಲ್ಲದೆ ಸಮಾಧಿ ಕಲ್ಲಿನ ಬರಹ, ಪತ್ರಿಕೆಯ ಪ್ರಕಟಣೆ, ಹಡಗಿನ ಪಟ್ಟಿ, ಪಿಂಚಣಿ ನಿಧಿಯ ಕಾಗದ ಎಲ್ಲ ಒಂದೇ ಹುಡುಕಾಟದಲ್ಲಿ ಬರುತ್ತವೆ. ಇದರ ದೊಡ್ಡ ಗುಣ ಎಂದರೆ ದಾಖಲೆಯ ಸಂಪುಟ, ಪುಟದ ಸಂಖ್ಯೆ ಸಿಗುವುದು. ಆ ಸಂಖ್ಯೆ ಒಂದು ಸಲ ಕೈಗೆ ಬಂದರೆ ಬೇರೆ ಎಲ್ಲೇ ಹೋದರೂ ಅದೇ ಪುಟವನ್ನು ತೆರೆಸಬಹುದು. ಇದರ ವಿಕಿಯಲ್ಲಿ ಊರುಗಳ ಹಳೇ ಹೆಸರು, ಕಾಗುಣಿತದ ಬಗೆಗಳು, ಪಡೆಗಳ ನೆಲೆ ಎಲ್ಲ ಸಿಗುತ್ತದೆ. ಬರೀ ಅದನ್ನು ಓದಲಿಕ್ಕಾದರೂ ಒಂದು ಸಂಜೆ ಕೊಡಬೇಕು. ಕೊರತೆ ಇಷ್ಟೆ: ಇದು ಸೂಚಿ, ಮೂಲ ಪುಟದ ಚಿತ್ರ ಅಲ್ಲ.

ಫ್ಯಾಮಿಲಿಸರ್ಚ್ ಕೂಡ ಉಚಿತ, ಲಾಗಿನ್ ಮಾಡಿಕೊಂಡರೆ ಸಾಕು. ಭಾರತದ ಮದುವೆಗಳ ಸೂಚಿ ಇಲ್ಲಿ 1792ರಿಂದ 1948ರವರೆಗಿನದು ಎಂದು ತಲೆಬರಹ ಇದ್ದರೂ ಆ ನಡುವಿನ ಪ್ರತಿಯೊಂದು ಮದುವೆಯೂ ಅದರಲ್ಲಿದೆ ಎಂದು ತಿಳಿಯಬಾರದು. ಇದರ ಶಕ್ತಿ ಇರುವುದು ತಂದೆ ತಾಯಿಯ ಹೆಸರಿನ ಮೇಲೆ ಹುಡುಕುವುದರಲ್ಲಿ. ಮಕ್ಕಳ ಹೆಸರು ಖಾಲಿ ಬಿಟ್ಟು, ತಂದೆಯ ಪೂರ್ತಿ ಹೆಸರು, ತಾಯಿಯ ಮೊದಲ ಹೆಸರು ಮಾತ್ರ ಹಾಕಿ ದೀಕ್ಷಾಸ್ನಾನದ ಸೂಚಿ ಜಾಲಾಡಿದರೆ ಒಂದೇ ದಂಪತಿಯ ಮಕ್ಕಳು ಸಾಲಾಗಿ ಬಂದು ನಿಲ್ಲುತ್ತಾರೆ, ಊರು ಬದಲಾದರೂ ಸರಿ. ಸಿಪಾಯಿಯ ಮಗ ಬಳ್ಳಾರಿಯಲ್ಲಿ, ಮಗಳು ಬೆಂಗಳೂರಿನಲ್ಲಿ, ಕೊನೆಯವನು ಫ್ರೆಂಚ್ ರಾಕ್ಸ್‌ನಲ್ಲಿ. ಈ ಫ್ರೆಂಚ್ ರಾಕ್ಸ್ ಎಂದರೆ ಇಂದಿನ ಪಾಂಡವಪುರ. ಕ್ಲೋಸ್‌ಪೇಟ್ ರಾಮನಗರ, ಫ್ರೇಸರ್‌ಪೇಟ್ ಕುಶಾಲನಗರ, ಮರ್ಕಾರಾ ಮಡಿಕೇರಿ. ಇವನ್ನು ಬಲ್ಲ ಕನ್ನಡಿಗರಿಗೆ ಲಂಡನ್ನಿನಲ್ಲಿ ಕೂತು ಹುಡುಕುವವರಿಗಿಂತ ಕೆಲಸ ಹಗುರ.

ಕಾಸು ಕೇಳುವುದು ಫೈಂಡ್‌ಮೈಪಾಸ್ಟ್. 2014ರಲ್ಲಿ ಇಂಡಿಯಾ ಆಫೀಸಿನ ಸಂಗ್ರಹವನ್ನು ಜಾಲಕ್ಕೆ ತಂದದ್ದು ಇವರೇ. ಇಲ್ಲಿ ಸೂಚಿಯ ಜೊತೆ ಮೂಲ ಪುಟದ ಚಿತ್ರ ಇದೆ, ಉಯಿಲು ಮತ್ತು ಪ್ರೊಬೇಟ್‌ಗಳ (ಉಯಿಲನ್ನು ಕೋರ್ಟು ಮಾನ್ಯ ಮಾಡಿದ ಪತ್ರಗಳ) ಸಂಗ್ರಹವೂ ಇದೆ. ಹುಡುಕಿ ಫಲಿತಾಂಶದ ಪಟ್ಟಿ ನೋಡುವುದಕ್ಕೆ ಹಣ ಕೊಡಬೇಕಾಗಿಲ್ಲ, ಚಿತ್ರ ತೆರೆಯಲು ಕೊಡಬೇಕು. ಈ ವ್ಯವಸ್ಥೆಯನ್ನು ಚೆನ್ನಾಗಿ ಬಳಸಿಕೊಳ್ಳಬಹುದು. ಉಚಿತ ತಾಣಗಳೆರಡನ್ನೂ ಮೊದಲು ಪೂರ್ತಿ ಸೋಸಿ, ಬೇಕಾದ ಮದುವೆ, ಸಮಾಧಿ, ಉಯಿಲುಗಳ ಪಟ್ಟಿ ಮಾಡಿಕೊಂಡು, ಅವು ಇಲ್ಲಿನ ಫಲಿತಾಂಶದಲ್ಲಿ ಕಾಣುತ್ತವೆಯೇ ಎಂದು ನೋಡಿ, ಆಮೇಲೆ ಒಂದೇ ತಿಂಗಳ ಚಂದಾ ಕಟ್ಟಿದರೆ ಒಂದು ಕುಟುಂಬಕ್ಕೆ ಧಾರಾಳ ಸಾಕು. ವರ್ಷದ ಚಂದಾ ಹಲವು ಕುಟುಂಬಗಳ ಮೇಲೆ ಕೆಲಸ ಮಾಡುವವರಿಗೆ. ಕಟ್ಟುವ ಮುಂಚೆ ಆ ಪ್ಯಾಕೇಜಿನಲ್ಲಿ ಭಾರತದ ಸಂಗ್ರಹ ಸೇರಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಲಂಡನ್ನಿನಲ್ಲಿ ಬಂಧುಗಳಿದ್ದರೆ ಬ್ರಿಟಿಷ್ ಲೈಬ್ರರಿಯ ಓದುಕೊಠಡಿಯಲ್ಲಿ ಅವರು ಇದನ್ನು ಉಚಿತವಾಗಿಯೇ ತೆರೆದು ನೋಡಬಹುದು, ಓದುಗರ ಪಾಸಿಗೂ ಶುಲ್ಕ ಇಲ್ಲ. 2023ರ ಅಕ್ಟೋಬರಿನಲ್ಲಿ ಆ ಲೈಬ್ರರಿಯ ಮೇಲೆ ಸೈಬರ್ ದಾಳಿ ಆಗಿ ಕ್ಯಾಟಲಾಗ್ ಸೇವೆಗಳು ದೀರ್ಘಕಾಲ ಕೆಟ್ಟಿದ್ದವು. ಅಂಥ ಸಮಯದಲ್ಲಿ ಕೈ ಹಿಡಿಯುವುದು ನೀವು ಮೊದಲೇ ಬರೆದಿಟ್ಟುಕೊಂಡ ಸಂಪುಟ ಸಂಖ್ಯೆ.

ಚಿತ್ರಕ್ಕೆ ಹಣ ಕೊಡುವುದು ಯಾಕೆ ಸಾರ್ಥಕ ಎಂದು ತಿಳಿಯಲು ಒಂದು ಮದುವೆಯ ಪುಟವನ್ನೇ ಹತ್ತಿರದಿಂದ ನೋಡೋಣ. ಎಡದಿಂದ: ದಿನಾಂಕ, ವರ, ಅವನ ಕೆಳಗೆ ವಧು, ವಯಸ್ಸು, ಸ್ಥಿತಿ, ಅಂದರೆ ಅವಿವಾಹಿತ, ಅವಿವಾಹಿತೆ, ವಿಧುರ, ವಿಧವೆ, ಉದ್ಯೋಗ, ಮದುವೆಯ ಹೊತ್ತಿಗೆ ವಾಸವಿದ್ದ ಜಾಗ, ತಂದೆಯ ಹೆಸರು, ಮೂರು ವಾರ ಚರ್ಚಿನಲ್ಲಿ ಸಾರಿ ಆದ ಮದುವೆಯೋ ಲೈಸೆನ್ಸ್ ಪಡೆದು ಆದದ್ದೋ, ಸಹಿಗಳು, ಸಾಕ್ಷಿಗಳು, ಮಾಡಿಸಿದ ಪಾದ್ರಿ. ಸೂಚಿಯವರು ಎತ್ತಿಕೊಳ್ಳುವುದು ಹೆಸರು, ದಿನಾಂಕ, ಊರು, ತಂದೆ. ನಮ್ಮ ಕೆಲಸಕ್ಕೆ ಅತಿ ಮುಖ್ಯವಾದ ಎರಡು, ಅಂದರೆ ವಾಸದ ಜಾಗ ಮತ್ತು ಸಾಕ್ಷಿಗಳು, ಬೇಕೆಂದರೆ ಪುಟವನ್ನೇ ತೆರೆಯಬೇಕು. ಊರಿನ ಅಂಕಣದಲ್ಲಿ ಸೂಚಿ ‘ಮರ್ಕಾರಾ’ ಎಂದಿರುತ್ತದೆ, ಅದು ಚರ್ಚಿನ ಊರು. ಪುಟದೊಳಗೆ ವರನ ವಾಸ ಎಂಬಲ್ಲಿ ತೋಟದ ಹೆಸರೇ ಇರಬಹುದು. ಅದು ಸಿಕ್ಕಿತೆಂದರೆ ಜಮೀನಿನ ಕಡೆಗೆ ದಾರಿ ತೆರೆದ ಹಾಗೆ.

ಆ ಪುಟದಲ್ಲಿ ಇನ್ನೊಂದು ಎಚ್ಚರಿಕೆ ಇದೆ. ವರ, ವಧು, ಸಾಕ್ಷಿಗಳು, ಪಾದ್ರಿ ಎಲ್ಲರ ‘ಸಹಿ’ಯೂ ಒಂದೇ ಕೈಬರಹದಲ್ಲಿರುತ್ತದೆ. ಯಾಕೆಂದರೆ ಲಂಡನ್ನಿಗೆ ಹೋದದ್ದು ನಕಲು, ಬರೆದದ್ದು ಗುಮಾಸ್ತ. ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೇ ಪುಸ್ತಕದಲ್ಲಿರುವುದೂ ಪತ್ರದ ನಕಲೇ. ಮೂಲಪತ್ರ ಅವತ್ತೇ ಪಾರ್ಟಿಯ ಕೈಗೆ ವಾಪಸ್ಸು ಹೋಗಿದೆ. ಎರಡೂ ಕಡೆಯ ಸಹಿ ಪಕ್ಕಪಕ್ಕ ಇಟ್ಟು ‘ಒಂದೇ ಮನುಷ್ಯ’ ಅಥವಾ ‘ಬೇರೆ ಮನುಷ್ಯ’ ಎಂದು ತೀರ್ಮಾನಿಸುವುದು ಇಬ್ಬರು ಗುಮಾಸ್ತರ ಕೈಬರಹ ಹೋಲಿಸಿದಂತೆ. ನಿಜವಾದ ಸಹಿ ಬೇಕೆಂದರೆ ಚರ್ಚಿನ ಮೂಲ ರಿಜಿಸ್ಟರು ಮತ್ತು ಈಗಿನ ತೋಟದ ಮಾಲೀಕರ ಹತ್ತಿರ ಇರುವ ಮದರ್ ಡೀಡ್ (ಹಳೇ ಮೂಲಪತ್ರ), ಇವೆರಡರಲ್ಲೇ ಸಿಗುವುದು.

ಸೂಚಿಯಲ್ಲಿ ಹೆಸರು ಸಿಗದಿದ್ದಾಗ ಮಾಡಬೇಕಾದ್ದು ಕೆಲವು. ನಕ್ಷತ್ರ ಚಿಹ್ನೆ ಬಳಸಿ ಹೆಸರಿನ ಮೊದಲ ಮೂರು ಅಕ್ಷರ ಮಾತ್ರ ಹಾಕಿ. ವರನನ್ನು ಬಿಟ್ಟು ವಧುವಿನ ಮೊದಲ ಹೆಸರು, ಹತ್ತು ವರ್ಷದ ಅಂತರ, ಇಷ್ಟರಿಂದ ಹುಡುಕಿ. ಹಳೇ ಬರಹದಲ್ಲಿ ದೊಡ್ಡ ಎಸ್ ಮತ್ತು ಎಲ್, ಟಿ ಮತ್ತು ಎಫ್ ಒಂದರಂತೆ ಒಂದು ಕಾಣುತ್ತವೆ. ಮೊದಲ ಅಕ್ಷರವನ್ನೇ ಬದಲಿಸಿ ನೋಡಿ. ಬೆಂಗಳೂರು ಮಂಗಳೂರು ಅದಲುಬದಲಾಗುವುದಕ್ಕೂ ಒಂದೇ ಅಕ್ಷರ ಸಾಕು. ಮಂಜರಾಬಾದನ್ನು ಅವರು ಎಂ, ಯು, ಎನ್, ಜೆಡ್ ಎಂದು ಶುರು ಮಾಡಿ ‘ಮುಂಜರಾಬಾದ್’ ಎಂದು ಬರೆದದ್ದೇ ಹೆಚ್ಚು. ಆಂಗ್ಲಿಕನ್ನರಿಗೆ ಹೋಲಿಸಿದರೆ ರೋಮನ್ ಕ್ಯಾಥೊಲಿಕ್ಕರ ದಾಖಲೆ ಲಂಡನ್ನಿಗೆ ಹೋಗಲು ಶುರುವಾದದ್ದು ತಡವಾಗಿ, ಹೋದದ್ದೂ ಅರ್ಧಂಬರ್ಧ. ಹೆಸರು ಐರಿಷ್ ಅಥವಾ ಪೋರ್ಚುಗೀಸ್ ಆಗಿದ್ದು ಮೂರೂ ತಾಣದಲ್ಲಿ ಸಿಗದಿದ್ದರೆ ನೇರ ಚರ್ಚಿಗೇ ಹೋಗಬೇಕು. ಬಾಸೆಲ್ ಮಿಶನ್ನಿನ ಜರ್ಮನ್ ಕುಟುಂಬಗಳಾದರೆ ಹುಡುಕಬೇಕಾದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಶನ್ನಿನ ದಫ್ತರದಲ್ಲಿ.

ಇನ್ನು ಜಮೀನು. ಕಂಪನಿಯ ಸೀಮೆಯಲ್ಲಿ ಬ್ರಿಟಿಷ್ ಪ್ರಜೆಗಳು ಯಾವ ಅಡ್ಡಿಯೂ ಇಲ್ಲದೆ ಜಮೀನು ಕೊಳ್ಳಲು ಬಾಗಿಲು ತೆರೆದದ್ದು 1837ರ 4ನೇ ಕಾಯ್ದೆ. ಅದಕ್ಕಿಂತ ಮುಂಚಿನ ತಲೆಮಾರಿಗೆ ತೋಟದ ಪತ್ರ ಹುಡುಕುತ್ತಾ ಕೂತರೆ ಕಾಲ ವ್ಯರ್ಥ; ಆ ತಲೆಮಾರನ್ನು ಸೇನೆಯ ದಾಖಲೆ ಮತ್ತು ಉಯಿಲಿನಲ್ಲೇ ಹುಡುಕಬೇಕು. ಕೊಡಗು ಕಂಪನಿಯ ಕೈಗೆ ಬಂದದ್ದು 1834ರಲ್ಲಿ, ಅಲ್ಲಿ ಯುರೋಪಿಯನ್ನರ ಮೊದಲ ಕಾಫಿತೋಟ ಎದ್ದದ್ದು 1854ರಲ್ಲಿ ಮಡಿಕೇರಿಯ ಹತ್ತಿರ. ದಂಡಿನ ಬಂಗಲೆಗಳ ವಿಷಯ ಬೇರೆ: ‘ಓಲ್ಡ್ ಗ್ರ್ಯಾಂಟ್’ ಜಾಗಗಳಲ್ಲಿ ಕಟ್ಟಡ ಮಾತ್ರ ಖಾಸಗಿಯದು, ನೆಲ ಸರ್ಕಾರದ್ದು. ಬಂಗಲೆ ಮಾರಿದ ಪತ್ರ ಸಿಕ್ಕಿದರೆ ಅದನ್ನು ನೆಲದ ಒಡೆತನ ಎಂದು ಓದಬಾರದು.

ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿಗೆ (ಋಣಭಾರ ಪತ್ರಕ್ಕೆ) ಅರ್ಜಿ ಹಾಕಿದರೆ ಬರುವುದು ಕಂಪ್ಯೂಟರ್ ಬಂದ ಮೇಲಿನ ವ್ಯವಹಾರ. ದೊರೆಗಳ ಕಾಲಕ್ಕೆ ಕಚೇರಿಗೇ ಹೋಗಿ ಹಸ್ತಚಾಲಿತ ಶೋಧನೆ ಮಾಡಿಸಬೇಕು. ಅಲ್ಲಿ ಏನು ಕೇಳಬೇಕು ಎಂದು ಗೊತ್ತಿದ್ದರೆ ಕೆಲಸ ಅರ್ಧ ಮುಗಿದಂತೆ. ಸ್ಥಿರಾಸ್ತಿಯ ಪತ್ರಗಳೆಲ್ಲ 1ನೇ ಪುಸ್ತಕದಲ್ಲಿ ಇರುತ್ತವೆ. ಉಯಿಲು 3ರಲ್ಲಿ. ಸ್ಥಿರಾಸ್ತಿಗೆ ಸೇರದ ಇತರೆ ಪತ್ರಗಳು 4ರಲ್ಲಿ. 1ನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು, ನಕಲೂ ಪಡೆಯಬಹುದು. ಸೆಕ್ಷನ್ 57 ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಉಯಿಲಿನ ನಕಲು ಬರೆದವರು ಸತ್ತ ನಂತರ ಯಾರಿಗಾದರೂ ಸಿಗುತ್ತದೆ. 4ನೇ ಪುಸ್ತಕದ್ದು ಮಾತ್ರ ಆ ಪತ್ರದ ಪಾರ್ಟಿಗಳಿಗೆ, ಅವರ ಪ್ರತಿನಿಧಿಗಳಿಗೆ ಅಷ್ಟೆ. ‘ಸಂಬಂಧ ಇಲ್ಲದವರಿಗೆ ಕೊಡುವುದಿಲ್ಲ’ ಎಂಬ ಉತ್ತರ ಬಂದರೆ ಈ ವ್ಯತ್ಯಾಸವನ್ನು ಮರ್ಯಾದೆಯಿಂದ ತೋರಿಸಿ, ಅರ್ಜಿಯಲ್ಲಿ ‘1ನೇ ಪುಸ್ತಕ’ ಎಂದೇ ಬರೆಯಿರಿ.

ಸೂಚಿಯಲ್ಲೂ ಎರಡು ಬಗೆ. ಮೊದಲನೆಯದು ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರಿನದು, ಎರಡನೆಯದು ಸ್ವತ್ತಿನದು. ಸ್ವತ್ತಿನ ಸೂಚಿಯ ದಾರಿ ಗ್ರಾಮದ ಮೂಲಕ. ಹೊರಗೆ ಎಷ್ಟೇ ಪ್ರಸಿದ್ಧವಾದರೂ ತೋಟದ ಇಂಗ್ಲಿಷ್ ಹೆಸರು ಅಲ್ಲಿ ಕೆಲಸಕ್ಕೆ ಬಾರದು. ತೋಟ ಯಾವ ಗ್ರಾಮದ ಯಾವ ಸರ್ವೆ ನಂಬರುಗಳಲ್ಲಿ ಹರಡಿದೆ ಎಂದು ಈಗಿನ ಪಹಣಿಯಿಂದ ಹಿಂದಕ್ಕೆ, ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪುಸ್ತಕ) ಮತ್ತು ಹಳೇ ಗ್ರಾಮನಕ್ಷೆಯ ಮೂಲಕ ಹೊಂದಿಸಿಕೊಂಡು ಹೋಗಬೇಕು. ಒಂದು ದೊಡ್ಡ ತೋಟ ಎರಡು ಮೂರು ಗ್ರಾಮಗಳಿಗೆ ಚಾಚಿಕೊಂಡಿರುವುದು ಸಾಮಾನ್ಯ, ಆಗ ಪ್ರತಿ ಗ್ರಾಮಕ್ಕೂ ಬೇರೆ ಶೋಧನೆ. ಪೋಡಿಯಾಗಿ, ಅಂದರೆ ಸರ್ವೆ ನಂಬರು ಒಡೆದು, ಹಿಸ್ಸಾ ನಂಬರು ಬಂದಿದ್ದರೆ ಮೂಲ ನಂಬರಿಗೆ ಹೋಗಿ. ವಿಸ್ತೀರ್ಣ ತಾಳೆ ನೋಡುವಾಗ ಕೊಡಗು, ದಕ್ಷಿಣ ಕನ್ನಡದಲ್ಲಿ ಎಕರೆಗೆ 100 ಸೆಂಟು, ಹಳೇ ಮೈಸೂರಿನಲ್ಲಿ ಎಕರೆಗೆ 40 ಗುಂಟೆ ಎಂಬುದು ನೆನಪಿರಲಿ. ‘12-20’ ಎಂಬುದು ಒಂದು ಕಡೆ ಹನ್ನೆರಡೂವರೆ ಎಕರೆ, ಇನ್ನೊಂದು ಕಡೆ ಹನ್ನೆರಡೂ ಕಾಲಿಗಿಂತ ಕಡಿಮೆ. ಹೆಸರಿನ ಸೂಚಿ ನೋಡುವಾಗ ಕುಟುಂಬದ ಹೆಸರಿನ ಅಕ್ಷರ, ಸ್ವಂತ ಹೆಸರಿನ ಅಕ್ಷರ ಎರಡರಡಿಯಲ್ಲೂ ನೋಡಿ. ಕಚೇರಿಯ ಗಡಿ ಬದಲಾಗಿದ್ದರೆ ಹಳೇ ಸಂಪುಟ ಈಗಿನ ಕಚೇರಿಯಲ್ಲೇ ಇರುತ್ತದೆ ಎನ್ನುವಂತಿಲ್ಲ. ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಮೊದಲು ವಿಚಾರಿಸಿ.

ಒಂದು ಪತ್ರ ಮಾತ್ರ ಇಲ್ಲಿ ಎಷ್ಟು ಹುಡುಕಿದರೂ ಸಿಗದಿರುವ ಸಂಭವವೇ ಹೆಚ್ಚು, ಅದು ಎಲ್ಲಕ್ಕಿಂತ ಮೊದಲನೆಯ ಪತ್ರ. ಕೊಡಗಿನ ಜಮ್ಮಾ ಜಮೀನು ಒಕ್ಕಕ್ಕೆ, ಅಂದರೆ ಇಡೀ ಮನೆತನಕ್ಕೆ ಸೇರಿದ್ದು, ಪರಭಾರೆಗೆ ಕಟ್ಟಳೆ ಇದ್ದದ್ದು. ದೊರೆಗಳ ತೋಟ ಬಹುಪಾಲು ಎದ್ದದ್ದು ಸರ್ಕಾರ ಕೊಟ್ಟ ಕಾಡು, ಬಂಜರಿನ ಮೇಲೆ. ಸರ್ಕಾರ ಮಾಡಿಕೊಟ್ಟ ಮಂಜೂರಾತಿಗೆ ನೋಂದಣಿ ಬೇಕಾಗಿಲ್ಲ ಎಂದು ಸೆಕ್ಷನ್ 90 ವಿನಾಯಿತಿ ಕೊಟ್ಟಿದೆ. ಆದ್ದರಿಂದ ಮೊದಲ ದೊರೆಯ ಹೆಸರು ಇರುವುದು ಕಂದಾಯ ಇಲಾಖೆಯ ಕಡತದಲ್ಲಿ: ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು, ಜಿಲ್ಲಾಧಿಕಾರಿ ಕಚೇರಿ, ಬೆಂಗಳೂರಿನ ರಾಜ್ಯ ಪತ್ರಾಗಾರ. ಮಂಗಳೂರು, ಬಳ್ಳಾರಿಯ ಹಳೇ ಕಡತಗಳಿಗೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ. 1ನೇ ಪುಸ್ತಕದಲ್ಲಿ ಮೊದಲು ಕಾಣುವ ಹೆಸರು ಎರಡನೆಯ ಮಾಲೀಕನದು ಇರಬಹುದು ಎಂಬ ಅನುಮಾನ ಸದಾ ಇಟ್ಟುಕೊಳ್ಳಿ.

ಪತ್ರ ಸಿಕ್ಕಿದ ಮೇಲೆ ಹಣದ ಮೊತ್ತಕ್ಕಿಂತ ಮುಂಚೆ ಓದಬೇಕಾದ್ದು ಎರಡು ಜಾಗ. ಒಂದು, ಸ್ವತ್ತು ತನಗೆ ಹೇಗೆ ಬಂತು ಎಂದು ಹೇಳುವ ಪೀಠಿಕೆ. ‘ಇಂಥವರ ಉಯಿಲಿನಿಂದ’, ‘ಇಂಥ ಮದುವೆಯ ಕಾಲಕ್ಕೆ ಮಾಡಿದ ಸೆಟ್ಲ್‌ಮೆಂಟಿನಿಂದ’ ಎಂದು ಅಲ್ಲಿ ಬರುವ ಒಂದು ಸಾಲು ಮೂರು ತಲೆಮಾರನ್ನು ಕಟ್ಟಿಕೊಡಬಲ್ಲದು. ಎರಡು, ಕೊನೆಯ ಷರಾ: ಪತ್ರ ಹಾಜರು ಮಾಡಿದ ದಿನ, ಗಂಟೆ, ಜಾಗ, ಬರೆದುಕೊಟ್ಟವರನ್ನು ಗುರುತಿಸಿದವರ ಹೆಸರು. ಗುರುತಿಸಲು ಬರುವವರು ಪಕ್ಕದ ತೋಟದವರು, ಭಾವಮೈದುನರು, ಚೆನ್ನಾಗಿ ಬಲ್ಲವರು. ಈ ಹೆಸರುಗಳನ್ನು ಮದುವೆ ಪುಟದ ಸಾಕ್ಷಿಗಳ ಜೊತೆ ತಾಳೆ ಹಾಕಿ. ಇಬ್ಬರು ‘ಸ್ಮಿತ್’ ಒಂದೇ ಸ್ಮಿತ್ ಹೌದೋ ಅಲ್ಲವೋ ಎಂದು ಹೇಳುವುದಕ್ಕೆ ಇದಕ್ಕಿಂತ ಗಟ್ಟಿ ಕೊಂಡಿ ಬೇರೆ ಇಲ್ಲ. ಷರಾದಲ್ಲಿ ಜಾಗ ಎಂಬಲ್ಲಿ ಕಚೇರಿಯ ಬದಲು ಬಂಗಲೆಯ ಹೆಸರಿದ್ದರೆ ಅಧಿಕಾರಿ ಮನೆಗೇ ಹೋಗಿ ನೋಂದಣಿ ಮಾಡಿದ್ದಾರೆ ಎಂದರ್ಥ. ಕಾಯಿಲೆ ಬಿದ್ದವರಿಗೆ ಆ ಸವಲತ್ತು ಇತ್ತು. ಕೂಡಲೇ ಆ ದಿನಾಂಕದಿಂದ ಮುಂದಿನ ಕೆಲವು ತಿಂಗಳ ಸಮಾಧಿ ಸೂಚಿ ನೋಡಿ.

ಹೆಂಡತಿಯ ಹೆಸರಿನಲ್ಲಿ ಹುಡುಕದೆ ಬಿಡುವುದು ದೊಡ್ಡ ತಪ್ಪು. 1865ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, 1866ರ ಜನವರಿ 1ರಿಂದ ಆದ ಮದುವೆಗಳಲ್ಲಿ ಮದುವೆ ಎಂಬ ಕಾರಣಕ್ಕೇ ಒಬ್ಬರ ಆಸ್ತಿಯಲ್ಲಿ ಇನ್ನೊಬ್ಬರಿಗೆ ಹಕ್ಕು ಹುಟ್ಟುವುದಿಲ್ಲ. ಆಕೆ ತವರಿಂದ ತಂದ ಜಮೀನು ಆಕೆಯ ಹೆಸರಲ್ಲೇ ಉಳಿಯಿತು, ಮಾರಿದಾಗ ಬರೆದುಕೊಟ್ಟವಳೂ ಆಕೆಯೇ. ಅದೇ ಕಾಯ್ದೆಯಲ್ಲಿ ಉಯಿಲಿಲ್ಲದೆ ಸತ್ತವನಿಗೆ ಮಕ್ಕಳಿದ್ದರೆ ವಿಧವೆಗೆ ಮೂರನೇ ಒಂದು ಭಾಗ, ಉಳಿದ ಎರಡು ಭಾಗ ಎಲ್ಲ ಮಕ್ಕಳಿಗೂ ಸಮನಾಗಿ, ಗಂಡು ಹೆಣ್ಣು ಭೇದವಿಲ್ಲದೆ. ಹಿರಿಮಗನೊಬ್ಬನಿಗೇ ಎಲ್ಲ ಎಂಬ ಇಂಗ್ಲೆಂಡಿನ ರೂಢಿ ಇಲ್ಲಿ ನಡೆಯಲಿಲ್ಲ. ಹಾಗಾಗಿ ಅಂಥ ತೋಟ ಮಾರಲು ಎಲ್ಲರೂ ಸೇರಿ ಸಹಿ ಹಾಕಬೇಕಿತ್ತು. ಒಂದು ಹಕ್ಕು ಖುಲಾಸೆ ಪತ್ರದಲ್ಲಿ ವಿಧವೆ, ಗಂಡುಮಕ್ಕಳು, ಮದುವೆಯಾದ ಹೆಣ್ಣುಮಕ್ಕಳು ತಮ್ಮ ಗಂಡಂದಿರ ಹೆಸರಿನೊಂದಿಗೆ ಸಾಲಾಗಿ ಬಂದರೆ ವಂಶವೃಕ್ಷದ ಒಂದು ಕೊಂಬೆ ಪೂರ್ತಿ ಕೈಗೆ ಬಂದ ಹಾಗೆ. ಮದುವೆಯ ಕಾಲಕ್ಕೆ ಸೆಟ್ಲ್‌ಮೆಂಟ್ ಆಗಿ ಆಸ್ತಿಯನ್ನು ಟ್ರಸ್ಟಿಗೆ ಒಪ್ಪಿಸಿದ್ದರೆ ಜಮೀನು ಇರುವುದು ಟ್ರಸ್ಟಿಗಳ ಹೆಸರಲ್ಲಿ. ಕುಟುಂಬದ ಹೆಸರಲ್ಲಿ ಹುಡುಕಿದರೆ ಸೂಚಿಯಲ್ಲಿ ಏನೂ ಕಾಣದು. ಮದುವೆಯ ಸಾಕ್ಷಿಗಳ ಹೆಸರಿನಲ್ಲಿ, ವಧುವಿನ ಅಣ್ಣತಮ್ಮಂದಿರ ಹೆಸರಿನಲ್ಲಿ ಸೂಚಿ ನೋಡುವುದು ಇದಕ್ಕೇ.

ವಿಧವೆಯ ಮರುಮದುವೆ ಸರಪಳಿ ಕಡಿಯುವ ಇನ್ನೊಂದು ಜಾಗ. ಮಲೇರಿಯಾದ ಸೀಮೆಯಲ್ಲಿ ಗಂಡ ಸತ್ತು, ಆಕೆ ಬೇಗನೆ ಮತ್ತೆ ಮದುವೆಯಾಗಿರುವುದುಂಟು. ಎರಡನೇ ಮದುವೆಯ ಪುಟದಲ್ಲಿ ಆಕೆಯ ಹೆಸರಿನ ಮುಂದೆ ಇರುವುದು ಮೊದಲ ಗಂಡನ ಮನೆತನದ ಹೆಸರು, ತಂದೆಯ ಅಂಕಣದಲ್ಲಿ ಇರುವುದು ತವರಿನದು, ಮುಂದಿನ ಕ್ರಯಪತ್ರದಲ್ಲಿ ಇರುವುದು ಎರಡನೇ ಗಂಡನದು. ಮೂರು ಹೆಸರು, ಒಬ್ಬಳೇ ಹೆಂಗಸು. ಸ್ಥಿತಿಯ ಅಂಕಣದಲ್ಲಿ ‘ವಿಧವೆ’ ಎಂದಿದ್ದು, ಆಕೆಯ ಹೆಸರೂ ತಂದೆಯ ಹೆಸರೂ ಬೇರೆ ಬೇರೆ ಇದ್ದರೆ ಮೊದಲ ಮದುವೆಯನ್ನು ಹುಡುಕದೆ ಮುಂದೆ ಹೋಗಬೇಡಿ. 1872ರ ಕ್ರಿಶ್ಚಿಯನ್ ವಿವಾಹ ಕಾಯ್ದೆಯಲ್ಲಿ 21 ತುಂಬದವರಿಗೆ ತಂದೆಯ ಒಪ್ಪಿಗೆ ಬೇಕು, ತಂದೆ ಇಲ್ಲದಿದ್ದರೆ ಪೋಷಕರದು, ಅವರೂ ಇಲ್ಲದಿದ್ದರೆ ತಾಯಿಯದು. ಒಪ್ಪಿಗೆ ಕೊಟ್ಟವಳು ತಾಯಿ ಎಂದು ಕಂಡರೆ ತಂದೆ ಆಗಲೇ ತೀರಿಕೊಂಡಿದ್ದಾನೆ ಎಂದು ಹಿಡಿದು ಹಿಂದಿನ ವರ್ಷಗಳಲ್ಲಿ ಉಯಿಲು ಹುಡುಕಬಹುದು.

ಎಲ್ಲಕ್ಕಿಂತ ನೋವಿನ ಕೊರತೆ ಇರುವುದು ಈ ನೆಲದ ಹೆಣ್ಣುಮಕ್ಕಳ ವಿಷಯದಲ್ಲಿ. ಕಂಪನಿ ಕಾಲದ ಎಷ್ಟೋ ದೊರೆಗಳು, ಸಿಪಾಯಿಗಳು ಇಲ್ಲಿನ ಹೆಂಗಸರೊಂದಿಗೆ ಸಂಸಾರ ಮಾಡಿದರು. ಚರ್ಚಿನ ಪುಸ್ತಕದಲ್ಲಿ ಮದುವೆ ಇಲ್ಲ. ಮಗುವಿನ ದೀಕ್ಷಾಸ್ನಾನದ ಸಾಲಿನಲ್ಲಿ ತಂದೆಯ ಹುದ್ದೆ, ಪಡೆ ಎಲ್ಲ ಬರೆದು ತಾಯಿಗೆ ಬರೀ ‘ಒಬ್ಬ ನೇಟಿವ್ ಹೆಂಗಸು’ ಎಂದು ಬಿಟ್ಟಿರುತ್ತಾರೆ. ಕ್ರಿಶ್ಚಿಯನ್ ಆಗಿ ಮದುವೆಯಾದವಳಿಗೆ ‘ಮೇರಿ’ ಎಂಬ ಹೊಸ ಹೆಸರು ಮಾತ್ರ, ಹಿಂದಿನದು ಅಳಿಸಿಹೋಗಿದೆ. ಯಾವ ಜಾಲತಾಣದ ಸೂಚಿಯೂ ಇದನ್ನು ತುಂಬಿಕೊಡಲಾರದು, ಯಾಕೆಂದರೆ ಬರೆದೇ ಇಲ್ಲ. ಆಕೆಯ ಹೆಸರು ಸಿಗುವ ಸಾಧ್ಯತೆ ಇರುವುದು ಉಯಿಲಿನಲ್ಲಿ. ಆಕೆಗೆ ಮನೆಯೋ ತಿಂಗಳ ಹಣವೋ ಬಿಟ್ಟುಹೋಗುವಾಗ ಹೆಸರು ಹೇಳಲೇಬೇಕಾಗುತ್ತದೆ, ಮಕ್ಕಳ ಹೆಸರೂ ಬರುತ್ತದೆ. ಫೈಂಡ್‌ಮೈಪಾಸ್ಟ್‌ನ ಉಯಿಲು ಸಂಗ್ರಹ ಒಂದು ತಿಂಗಳ ಚಂದಾಕ್ಕೆ ತಕ್ಕದ್ದು ಎಂದು ಹೇಳುವುದಕ್ಕೆ ನನ್ನ ಲೆಕ್ಕದಲ್ಲಿ ಇದೊಂದೇ ಕಾರಣ ಸಾಕು. ಇಂಗ್ಲಿಷ್ ಗುಮಾಸ್ತನ ಕಿವಿಗೆ ಬಿದ್ದಂತೆ ಬರೆದ ಆ ಹೆಸರನ್ನು ಗಟ್ಟಿಯಾಗಿ ಓದಿ ನೋಡಿ. ಲಂಡನ್ನಿನ ಓದುಗನಿಗೆ ಅರ್ಥವಾಗದ ಅಕ್ಷರಗಳು ಕನ್ನಡ, ತಮಿಳು, ಉರ್ದು ಕೇಳಿ ಬೆಳೆದ ಕಿವಿಗೆ ಹೆಸರಾಗಿ ಕೇಳಿಸುತ್ತವೆ. ಮುನಿಯಮ್ಮ ಎಂಬುದು ‘ಮೂನಿಯಾಮಾ’ ಆಗಿದ್ದರೆ ಅದನ್ನು ಸರಿಯಾಗಿ ಓದಬಲ್ಲವರು ನಾವೇ.

ನಡುವಿನ ವರ್ಷಗಳ ಖಾಲಿ ತುಂಬಲು ಥ್ಯಾಕರ್ ಡೈರೆಕ್ಟರಿ, ಮದ್ರಾಸಿನ ಅಸೈಲಂ ಪ್ರೆಸ್ ಪಂಚಾಂಗ ಇವುಗಳಲ್ಲಿ ನಿವಾಸಿಗಳ ಹೆಸರು, ಉದ್ಯೋಗ, ಊರು ವರ್ಷವರ್ಷಕ್ಕೂ ಸಿಗುತ್ತವೆ. ಹಲವು ಸಂಪುಟಗಳ ಸ್ಕ್ಯಾನ್ ಪ್ರತಿ ಉಚಿತವಾಗಿ ಲಭ್ಯ. ಒಬ್ಬನ ಹೆಸರು ಯಾವ ವರ್ಷದಿಂದ ಯಾವ ವರ್ಷದವರೆಗೆ ಒಂದೇ ತೋಟದ ಜೊತೆ ಬರುತ್ತದೆ ಎಂದು ಗುರುತು ಹಾಕಿಕೊಂಡರೆ ಕಚೇರಿಯಲ್ಲಿ ನಲವತ್ತು ವರ್ಷದ ಬದಲು ಐದು ವರ್ಷದ ಶೋಧನೆಗೆ ಹಣ ಕಟ್ಟಿದರೆ ಸಾಕು.

ವೈಟ್‌ಫೀಲ್ಡ್‌ನವರಿಗೆ ಒಂದು ಮಾತು. ಆ ವಸಾಹತು ಶುರುವಾದದ್ದು 1882ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟ ಜಮೀನಿನ ಮೇಲೆ. ಜಮೀನು ಸಂಘಕ್ಕೆ ಬಂದದ್ದರಿಂದ ಪ್ರತಿ ಕುಟುಂಬದ ಹಕ್ಕಿನ ಬೇರು ಸಂಘದ ಹಂಚಿಕೆಯಲ್ಲಿದೆ. ಶೋಧನೆಯ ಅರ್ಜಿಯಲ್ಲಿ ಕುಟುಂಬದ ಹೆಸರಿನ ಜೊತೆ ಸಂಘದ ಹೆಸರನ್ನೂ ಬರೆದುಕೊಡಿ. ನಕಲು ಕೈಗೆ ಬಂದ ದಿನವೇ ಪುಸ್ತಕ, ಸಂಪುಟ, ಪುಟ, ದಸ್ತಾವೇಜು ಸಂಖ್ಯೆ, ವರ್ಷ ಇವಿಷ್ಟನ್ನೂ, ಮದುವೆಯದಾದರೆ ಎನ್/2ರ ಸಂಪುಟ ಮತ್ತು ಪುಟವನ್ನೂ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ.